ಬೇಸಿಗೆಯಲ್ಲಿ ಮೀನಿನ ತೊಟ್ಟಿಯನ್ನು ತಂಪಾಗಿಡುವುದು ಹೇಗೆ?

ಕನ್ನಡ ಪಾಠ ಹೇಳುವವರಿಗೆ ಮೀನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಸಂಧಿ ಸಮಾಸಗಳನ್ನೋ ಹಳಗನ್ನಡದ ಪದ್ಯವನ್ನೋ ಕುರಿತು ಬರೆಯಬೇಕಾದ ನಾವು, ಈ ಸಲದ ಸಂಚಿಕೆಗೆ ಮೀನಿನ ತೊಟ್ಟಿಯ ಮೇಲೆ ಲೇಖನ ಕೊಡುತ್ತೇವೆಂದಾಗ ವಿಜ್ಞಾನದ ಅಧ್ಯಾಪಕ ಮಿತ್ರರು ನಕ್ಕುಬಿಟ್ಟರು. ಆದರೆ ನಮ್ಮ ಮನೆಯಲ್ಲಿ ನಮ್ಮ ಕೈಯಿಂದಲೇ ಒಂದು ತಪ್ಪು ನಡೆದಿದೆ. ಅದೇ ತಪ್ಪು ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ನಡೆಯದಿರಲಿ ಎಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಈಚೆಗೆ ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆಗಳಲ್ಲಿ ಸಣ್ಣ ಗಾಜಿನ ತೊಟ್ಟಿ ಕಾಣುತ್ತದೆ. ಜಾತ್ರೆಯಲ್ಲೋ ಪೇಟೆಯಲ್ಲೋ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಬಣ್ಣದ ಮೀನು ಮಾರುವುದನ್ನು ಕಂಡು ಮಕ್ಕಳು ಹಟ ಹಿಡಿಯುತ್ತಾರೆ. ತಂದೆತಾಯಿಗಳು ಕೊಡಿಸುತ್ತಾರೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಲ್ಲವೂ ಚೆನ್ನಾಗಿರುತ್ತದೆ. ಯುಗಾದಿ ಕಳೆದು ಬಿಸಿಲು ಏರಿತೆಂದರೆ ಮೀನುಗಳು ಒಂದೊಂದಾಗಿ ಸಾಯತೊಡಗುತ್ತವೆ. “ಮೀನು ನಮ್ಮ ಮನಿಗಿ ಆಗಿಬರಂಗಿಲ್ಲ” ಎಂದು ಹೇಳಿ ತೊಟ್ಟಿಯನ್ನು ಅಟ್ಟಕ್ಕೆ ಏರಿಸಿದ ಮನೆಗಳನ್ನು ನಾವು ಬಲ್ಲೆವು. ಆಗಿಬರದಿರುವುದು ಮೀನಲ್ಲ, ಬಿಸಿಯಾದ ನೀರು.

ನಮ್ಮ ಸೀಮೆಯ ಬೇಸಿಗೆ

ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದ ಸಂಗತಿಯನ್ನು ಹಿರಿಯರು ಮಕ್ಕಳಿಗೆ ಹೇಳಿಯೇ ಇರುತ್ತಾರೆ. ಇಂದು ಮೊದಲಿನ ಎರಡು ಊರುಗಳು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ಗಡಿಗಳು ಬದಲಾದರೂ ಬಿಸಿಲು ಬದಲಾಗಲಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ಕೆಲವು ದಿನ ಅದನ್ನು ದಾಟುವುದು ಈ ಸೀಮೆಯಲ್ಲಿ ಹೊಸತಲ್ಲ. ನಾವು ಹುಟ್ಟಿ ಬೆಳೆದ ತಾಂಡೂರಿನಲ್ಲಿ ಗೋಡೆಯೂ ಕಲ್ಲು, ನೆಲವೂ ಫರಸಿ ಕಲ್ಲು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿ ಹೊತ್ತು ಆ ಬಿಸಿಯನ್ನು ಮನೆಯೊಳಗೆ ಬಿಡುತ್ತದೆ. ಆದುದರಿಂದಲೇ ಅಲ್ಲಿಯ ಜನ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದರು.

ಮಂಜೀರಾ ನದಿಯ ಮೀನಿಗೆ ಬಿಸಿಲು ಹೆಚ್ಚಾದರೆ ಆಳದ ಮಡುವಿಗೆ ಇಳಿಯಲು ದಾರಿಯಿದೆ. ಕೆರೆಯ ಮೀನು ಜೊಂಡಿನ ನೆರಳಿಗೆ ಹೋಗುತ್ತದೆ. ಮನುಷ್ಯ ಮಾಳಿಗೆ ಏರುತ್ತಾನೆ, ಎಮ್ಮೆ ಕೆಸರಿಗೆ ಇಳಿಯುತ್ತದೆ. ಗಾಜಿನ ತೊಟ್ಟಿಯಲ್ಲಿರುವ ಮೀನು ಮಾತ್ರ ಎಲ್ಲಿಗೂ ಹೋಗಲಾರದು. ಹತ್ತು ಇಂಚು ಆಳದ ನೀರಿನಲ್ಲಿ ಮೇಲೆ ಎಷ್ಟು ಬಿಸಿಯೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಅದನ್ನು ಅಲ್ಲಿ ತಂದಿಟ್ಟವರು ನಾವು. ಅದರ ನೆರಳು, ಅದರ ಮಡು, ಅದರ ಗಾಳಿ ಎಲ್ಲವನ್ನೂ ಒದಗಿಸುವ ಹೊಣೆಯೂ ನಮ್ಮದೇ.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ಮನೆಯ ತೊಟ್ಟಿ ಒಂದೂವರೆ ಅಡಿ ಉದ್ದ, ಹತ್ತು ಇಂಚು ಅಗಲ, ಒಂದಡಿ ಎತ್ತರದ್ದು. ಹತ್ತು ಇಂಚಿನಷ್ಟು ನೀರು ತುಂಬಿದರೆ ಸುಮಾರು 30 ಲೀಟರ್ ಹಿಡಿಯುತ್ತದೆ. ಅದರಲ್ಲಿ ಎರಡು ಗೋಲ್ಡ್‌ಫಿಶ್, ಆರು ಗಪ್ಪಿ ಮೀನುಗಳಿದ್ದವು. ಎರಡು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದನ್ನು ನೋಡಿ ಮಗ ಗಾಬರಿಯಾದ. ಗಾಜು ಮುಟ್ಟಿದರೆ ಬೆಚ್ಚಗಿತ್ತು. ನಾವು ಹಿಂದುಮುಂದು ಯೋಚಿಸದೆ ಹಣ್ಣಿನ ರಸದ ಅಂಗಡಿಗೆ ಹೋಗಿ ಎರಡು ಕಿಲೋದಷ್ಟು ಐಸು ತಂದು ತೊಟ್ಟಿಗೆ ಸುರಿದುಬಿಟ್ಟೆವು. ನೀರು ತಣ್ಣಗಾಯಿತು, ಮನೆಯವರೆಲ್ಲ ಸಮಾಧಾನಪಟ್ಟರು. ಮರುದಿನ ಬೆಳಗ್ಗೆ ನೋಡಿದರೆ ಗೋಲ್ಡ್‌ಫಿಶ್ ಎರಡೂ, ಗಪ್ಪಿಗಳಲ್ಲಿ ಮೂರೂ ಸತ್ತು ತೇಲುತ್ತಿದ್ದವು.

“ಅಪ್ಪಾ, ನಾವು ತಂಪ ಮಾಡಿದ್ವಲ್ಲ, ಮತ್ತ ಯಾಕ ಸತ್ತವು?” ಎಂದು ಮಗ ಕೇಳಿದ. ತರಗತಿಯಲ್ಲಿ ನೂರು ಪ್ರಶ್ನೆಗೆ ಉತ್ತರ ಹೇಳುವ ನಮಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಆ ಉತ್ತರವನ್ನು ಹುಡುಕಿಕೊಂಡು ಹೋದದ್ದರ ಫಲವೇ ಈ ಲೇಖನ.

ಬಿಸಿ ನೀರಿನಲ್ಲಿ ಮೀನಿಗೆ ಏನಾಗುತ್ತದೆ?

ಮೊದಲನೆಯ ತೊಂದರೆ ಉಸಿರಿನದು. ಮೀನು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕಿವಿರುಗಳ ಮೂಲಕ ತೆಗೆದುಕೊಳ್ಳುತ್ತದೆ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಆದರೆ ಗಾಳಿಯ ವಿಷಯದಲ್ಲಿ ಇದು ತಿರುಗುಮುರುಗು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಶುದ್ಧ ನೀರು 20 ಡಿಗ್ರಿಯಲ್ಲಿ ಸುಮಾರು 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ, 35 ಡಿಗ್ರಿಯಲ್ಲಿ 6.9 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಜಹೀರಾಬಾದ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ನಮ್ಮಲ್ಲಿ ಇದು ಇನ್ನೂ ಸ್ವಲ್ಪ ಕಡಿಮೆ.

ಎರಡನೆಯದು, ಮೀನು ಶೀತರಕ್ತದ ಪ್ರಾಣಿ. ನೀರು ಬಿಸಿಯಾದರೆ ಅದರ ಮೈಯೂ ಬಿಸಿಯಾಗುತ್ತದೆ, ಮೈಯೊಳಗಿನ ಕೆಲಸಗಳೆಲ್ಲ ವೇಗ ಪಡೆಯುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದಾಯ ಇಳಿಯುವಾಗಲೇ ಖರ್ಚು ಏರಿದ ಸಂಸಾರದಂತೆ ಅದರ ಸ್ಥಿತಿ. ಮೀನು ಮೇಲೆ ಬಂದು ಬಾಯಿ ಬಿಡುವುದು ಹಸಿವಿನಿಂದಲ್ಲ, ಗಾಳಿಯ ಸಂಪರ್ಕವಿರುವ ಮೇಲ್ಪದರದಲ್ಲಿ ಆಮ್ಲಜನಕ ಸ್ವಲ್ಪ ಹೆಚ್ಚಿರುವುದರಿಂದ. ಇದನ್ನು ತಿಳಿಯದೆ ಆ ಹೊತ್ತಿನಲ್ಲಿ ಆಹಾರ ಹಾಕುವವರುಂಟು. ಅದರಿಂದ ಕೆಡಕೇ ಹೆಚ್ಚು.

ಮೂರನೆಯದು ಕೊಳೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ನೀರು ಬಿಸಿಯಾದಷ್ಟೂ ಈ ಅಮೋನಿಯದಲ್ಲಿ ವಿಷಕಾರಿಯಾದ ಭಾಗ ಹೆಚ್ಚುತ್ತದೆ.

ಎಲ್ಲ ಮೀನುಗಳೂ ಒಂದೇ ಸಮನೆ ಅಲ್ಲ. ಗೋಲ್ಡ್‌ಫಿಶ್ ತಂಪುನೀರಿನ ಮೀನು. 18ರಿಂದ 24 ಡಿಗ್ರಿಯ ನೀರು ಅದಕ್ಕೆ ಹಿತ. ಗಪ್ಪಿ, ಮೊಲ್ಲಿಗಳು 28 ಡಿಗ್ರಿಯವರೆಗೆ ಸುಖವಾಗಿರುತ್ತವೆ. ಗೌರಾಮಿ, ಬೆಟ್ಟ ಮೀನುಗಳು ನೀರಿನ ಮೇಲಿನ ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು. ತೆಲುಗಿನವರು ಕೊರ್ರಮೀನು ಎಂದು ಕರೆಯುವ ನಮ್ಮ ಕೆರೆಗಳ ಮೀನಿಗೂ ಈ ಶಕ್ತಿಯುಂಟು. ಹೊಸದಾಗಿ ಮೀನು ಕೊಳ್ಳುವವರು ಅಂದಕ್ಕಿಂತ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಐಸು ಏಕೆ ಕೂಡದು?

ನಮ್ಮ ತಪ್ಪಿನ ಲೆಕ್ಕವನ್ನು ವಿಜ್ಞಾನದ ಅಧ್ಯಾಪಕ ಮಿತ್ರರೇ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರು. ಒಂದು ಕಿಲೋ ಐಸು ಕರಗಲು 80 ಕಿಲೋಕ್ಯಾಲೊರಿ ಶಾಖ ಬೇಕು. ಎರಡು ಕಿಲೋಗೆ 160. ಕರಗಿದ ನೀರು ತೊಟ್ಟಿಯ ನೀರಿನ ಮಟ್ಟಕ್ಕೆ ಬೆಚ್ಚಗಾಗಲು ಇನ್ನೂ 54ರಷ್ಟು. ಇಷ್ಟನ್ನೂ ಐಸು 30 ಲೀಟರ್ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. 34 ಡಿಗ್ರಿ ಇದ್ದ ನೀರು ಕೆಲವೇ ನಿಮಿಷಗಳಲ್ಲಿ 27ಕ್ಕೆ ಇಳಿಯುತ್ತದೆ, ಅಂದರೆ 7 ಡಿಗ್ರಿ. ಮೊದಲೇ ಬಳಲಿದ್ದ ಮೀನಿನ ಮೈ ಆ ಪೆಟ್ಟನ್ನು ತಾಳಲಾರದು. ಅಷ್ಟೇ ಅಲ್ಲ, ಐಸು ಮುಗಿದ ಮೇಲೆ ನೀರು ಮತ್ತೆ ಬಿಸಿಯಾಗುತ್ತದೆ. ಹೀಗೆ ಮೀನು ಒಂದೇ ದಿನದಲ್ಲಿ ಎರಡು ಋತುಗಳನ್ನು ಕಾಣಬೇಕಾಯಿತು. ಇಳಿಸುವುದಾದರೆ ಗಂಟೆಗೆ ಒಂದು ಡಿಗ್ರಿಯಂತೆ ನಿಧಾನವಾಗಿ ಇಳಿಸಬೇಕು, ಇಳಿಸಿದ್ದನ್ನು ಹಾಗೆಯೇ ನಿಲ್ಲಿಸಬೇಕು. ಈ ಎರಡು ಕೆಲಸಗಳನ್ನೂ ಮಾಡುವ ಸಾಧನ ನಮ್ಮ ಅಡುಗೆಮನೆಯಲ್ಲಿಯೇ ಇತ್ತು.

ಗಡಿಗೆಯ ಪಾಠ

ಮೀನು ಸತ್ತ ದಿನ ನಮ್ಮ ಅವ್ವ ಹೇಳಿದ ಮಾತು ಇದು: “ಗಡಿಗಿ ನೋಡ್ರಿ, ಐಸ ಹಾಕ್ತೀವೇನು ಅದಕ್ಕ? ಅದು ಬೆವರ್ತದ, ಅದಕ್ಕ ಒಳಗ ನೀರು ತಣ್ಣಗ ಇರ್ತಾವ.”

ಮಣ್ಣಿನ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ದ್ರವವು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಉಳಿದ ನೀರಿನಿಂದ ಪಡೆಯುತ್ತದೆ. ಹೋಗುವ ನೀರು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಇರುವ ನೀರು ತಂಪಾಗುತ್ತದೆ. ಹೀಗೆ ಉಷ್ಣತೆಯಲ್ಲಿ ತೋರದೆ ಅಡಗಿಹೋಗುವ ಶಾಖಕ್ಕೆ ಪಠ್ಯಪುಸ್ತಕದಲ್ಲಿ ಗುಪ್ತೋಷ್ಣ ಎಂಬ ಹೆಸರಿದೆ. ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ 1760ರ ಸುಮಾರಿನಲ್ಲಿ ಇದನ್ನು ಅಳೆದು ತೋರಿಸಿದನು. ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದು, ಬೇಸಿಗೆಯ ಕೂಲರು, ನಮ್ಮ ಮೈಯ ಬೆವರು ಇವೆಲ್ಲ ನಡೆಯುವುದು ಈ ಒಂದೇ ನಿಯಮದಿಂದ.

ಇಲ್ಲಿ ಕನ್ನಡ ಅಧ್ಯಾಪಕರಾಗಿ ನಾವು ಒಂದು ಮಾತು ಹೇಳಬೇಕು. “ಬಟ್ಟೆ ಆರಿತು” ಎನ್ನುತ್ತೇವೆ, ಅಂದರೆ ಒಣಗಿತು. “ಹಾಲು ಆರಲಿ, ಆಮೇಲೆ ಕುಡಿ” ಎನ್ನುತ್ತೇವೆ, ಅಂದರೆ ತಣ್ಣಗಾಗಲಿ. ಒಣಗುವುದಕ್ಕೂ ತಣ್ಣಗಾಗುವುದಕ್ಕೂ ನಮ್ಮ ನುಡಿಯಲ್ಲಿ ‘ಆರು’ ಎಂಬ ಒಂದೇ ಧಾತು. ತೆಲುಗಿನಲ್ಲಿಯೂ ಬಟ್ಟೆ ಒಣಗಿದರೆ ‘ಆರು’, ತಣ್ಣಗಾದರೆ ‘ಚಲ್ಲಾರು’. ನೀರು ಆರಿಹೋದಲ್ಲಿ ತಂಪು ಉಳಿಯುತ್ತದೆ ಎಂಬ ದಿನನಿತ್ಯದ ಅನುಭವ ಆ ಒಂದು ಮಾತಿನಲ್ಲಿ ಕುಳಿತಿದೆ. ಮೂವತ್ತು ವರ್ಷ ಆ ಶಬ್ದವನ್ನು ಬಳಸಿದ್ದರೂ ಮೀನಿನ ತೊಟ್ಟಿಯ ಮುಂದೆ ನಿಲ್ಲುವವರೆಗೆ ನಮಗೆ ಇದು ಹೊಳೆದಿರಲಿಲ್ಲ.

ಗಾಜಿನ ತೊಟ್ಟಿಗೆ ಗಡಿಗೆಯಂತೆ ಬೆವರುವ ಮೈಯಿಲ್ಲ. ಅದು ಆವಿಯನ್ನು ಬಿಡುವುದು ಮೇಲ್ಮೈಯಿಂದ ಮಾತ್ರ. ಅಲ್ಲಿಯೂ ನೀರಿಗೆ ತಾಗಿದ ಗಾಳಿ ಬೇಗನೆ ತೇವದಿಂದ ತುಂಬಿಕೊಂಡು, ಮುಂದಿನ ಆವಿಗೆ ಜಾಗ ಕೊಡದೆ ನಿಂತುಬಿಡುತ್ತದೆ. ಮೇಲೆ ಮುಚ್ಚಳವಿದ್ದರಂತೂ ಕೇಳುವುದೇ ಬೇಡ. ಆ ನಿಂತ ಗಾಳಿಯನ್ನು ಸರಿಸಿ ಒಣಗಾಳಿಯನ್ನು ತಂದರೆ ಆವಿಯಾಗುವ ಕೆಲಸ ಚುರುಕಾಗುತ್ತದೆ. ಫ್ಯಾನು ಮಾಡುವುದು ಇಷ್ಟೇ.

ಗಾಳಿ ಬೀಸಿದರೆ ಎಷ್ಟು ತಂಪಾದೀತು ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. 1758ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಜಾನ್ ಹ್ಯಾಡ್ಲಿ ಎಂಬವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಉಷ್ಣಮಾಪಕದ ಬುರುಡೆಗೆ ಈಥರ್ ಸವರಿ, ಕಮ್ಮಾರರ ತಿದಿಯಂತಹ ತಿದಿಯಿಂದ ಗಾಳಿ ಊದಿದರು. ಈಥರ್ ನೀರಿಗಿಂತ ಬಹು ಬೇಗ ಆವಿಯಾಗುವ ದ್ರವ. ಸುಮಾರು 18 ಡಿಗ್ರಿ ಸೆಲ್ಸಿಯಸ್ ಇದ್ದ ಉಷ್ಣತೆ ಸೊನ್ನೆಗಿಂತ 14 ಡಿಗ್ರಿ ಕೆಳಗೆ ಇಳಿಯಿತು, ಬುರುಡೆಯ ಮೇಲೆ ಮಂಜುಗಡ್ಡೆ ಕಟ್ಟಿತು.

ಈಗ ನಮ್ಮ ತೊಟ್ಟಿಯ ಲೆಕ್ಕ ನೋಡೋಣ. 30 ಡಿಗ್ರಿಯ ಸುಮಾರಿನಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. 30 ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 30,000 ಕ್ಯಾಲೊರಿ ತೆಗೆಯಬೇಕು. ಭಾಗಿಸಿ ನೋಡಿದರೆ 52 ಗ್ರಾಂ ಬರುತ್ತದೆ. ಮೂರು ಡಿಗ್ರಿ ಇಳಿಸಲು 155 ಗ್ರಾಂ, ಒಂದು ಸಣ್ಣ ಲೋಟದಷ್ಟು ನೀರು ಆರಿಹೋದರೆ ಸಾಕು. ಹೊರಗಿನ ಬಿಸಿ ಗಾಜಿನ ಮೂಲಕ ಸದಾ ಒಳಗೆ ಬರುತ್ತಿರುವುದರಿಂದ, ಆ ತಂಪನ್ನು ಇಡೀ ದಿನ ಉಳಿಸಿಕೊಳ್ಳಲು ಇನ್ನೂ ಹೆಚ್ಚು ನೀರು ಹೋಗುತ್ತದೆ. ನಮ್ಮ ತೊಟ್ಟಿಯಲ್ಲಿ ಮೇ ತಿಂಗಳಲ್ಲಿ ದಿನಕ್ಕೆ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ ಇಳಿಯುತ್ತದೆ.

ಈ ಉಪಾಯಕ್ಕೂ ಒಂದು ಮಿತಿಯಿದೆ

ಒದ್ದೆ ಬಟ್ಟೆ ಮಳೆಗಾಲದಲ್ಲಿ ಬೇಗ ಆರದು. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಆವಿಯಾಗುವುದು ನಿಧಾನ. ತೊಟ್ಟಿಗೂ ಇದೇ ನ್ಯಾಯ. ಮಿತಿಯನ್ನು ಅಳೆಯುವುದು ಸುಲಭ, ವಿದ್ಯಾರ್ಥಿಗಳು ಮಾಡಿ ನೋಡಬಹುದು. ಒಂದೇ ತರಹದ ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡಕ್ಕೂ ಬೀಸಣಿಕೆಯಿಂದ ಗಾಳಿ ಹಾಕಿರಿ. ಒದ್ದೆ ಬುರುಡೆ ಎಷ್ಟಕ್ಕೆ ಇಳಿದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಯಾವ ಫ್ಯಾನೂ ನೀರನ್ನು ಇಳಿಸಲಾರದು. ಗಾಳಿ 40 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಇದ್ದರೆ ಒದ್ದೆ ಬುರುಡೆ 23 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಗಾಳಿ 33 ಡಿಗ್ರಿ ಇದ್ದು ಆರ್ದ್ರತೆ 75 ಇದ್ದರೆ 29ರ ಹತ್ತಿರ. ಮೊದಲನೆಯದು ನಮ್ಮ ಸೀಮೆಯ ಬೇಸಿಗೆಯ ಮಧ್ಯಾಹ್ನ, ಎರಡನೆಯದು ಮಂಗಳೂರು ಕಾಸರಗೋಡುಗಳಂತಹ ಕರಾವಳಿಯ ಸೆಕೆ. ಬಿಸಿಲು ಹೆಚ್ಚೆಂದು ನಾವು ದೂರುವ ಈ ಒಣಹವೆಯೇ ಫ್ಯಾನಿನ ಉಪಾಯಕ್ಕೆ ಅನುಕೂಲವಾಗಿದೆ. ಗಾಜಿನ ಮೂಲಕ ಬಿಸಿ ಬರುತ್ತಲೇ ಇರುವುದರಿಂದ ತೊಟ್ಟಿಯ ನೀರು ಆ ಕೊನೆಯ ಮಿತಿಯನ್ನು ಮುಟ್ಟುವುದಿಲ್ಲ. ಕೋಣೆಯ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆಯಾದರೂ ಅದು ದೊಡ್ಡ ಲಾಭವೇ.

ಫ್ಯಾನು ಕೂಡಿಸುವ ಕ್ರಮ

ಬೇಕಾಗುವ ಸಾಮಾನುಗಳು ಇವು: ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಇರುವಂತಹ 12 ವೋಲ್ಟಿನ ಸಣ್ಣ ಫ್ಯಾನು ಒಂದು ಅಥವಾ ಎರಡು, 12 ವೋಲ್ಟಿನ ಅಡಾಪ್ಟರ್ ಒಂದು, ಅಲ್ಯೂಮಿನಿಯಂ ಪಟ್ಟಿ, ಸೊಳ್ಳೆಪರದೆಯಂತಹ ಜಾಲರಿ, ಇನ್ಸುಲೇಶನ್ ಟೇಪು, ತೊಟ್ಟಿಯಲ್ಲಿ ಇಡುವ ಉಷ್ಣಮಾಪಕ. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ಬಾರದು, ಏಕೆಂದರೆ ಅದರ ಅಂಕೆಗಳು ಮನುಷ್ಯನ ಮೈಬಿಸಿಯ ಸುತ್ತಮುತ್ತ ಮಾತ್ರ ಇರುತ್ತವೆ. ಫ್ಯಾನು ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಹಳೆಯದೂ ಸಿಗುತ್ತದೆ. ಅಡಾಪ್ಟರು ಹಾಳಾದ ಯಾವುದೋ ಯಂತ್ರದ್ದು ಮನೆಯಲ್ಲಿಯೇ ಬಿದ್ದಿರುವ ಸಂಭವವುಂಟು.

ನಮಗೆ ಇದನ್ನು ಕೂಡಿಸಿಕೊಟ್ಟವನು ಇದೇ ಊರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿ. “ಸರ್, ಟೇಬಲ್ ಫ್ಯಾನು ತೊಟ್ಟಿ ಮ್ಯಾಲ ತಂದಿಡಬ್ಯಾಡ್ರಿ. ಅದು 230 ವೋಲ್ಟಿಂದು, ಜಾರಿ ನೀರಾಗ ಬಿದ್ರ ಮೀನಷ್ಟ ಅಲ್ಲ, ಕೈ ಹಾಕಿದವ್ರೂ ಉಳಿಯಂಗಿಲ್ಲ” ಎಂದು ಮೊದಲೇ ಎಚ್ಚರಿಸಿದ. ಈ ಮಾತನ್ನು ತಂದೆತಾಯಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. 12 ವೋಲ್ಟಿನ ಫ್ಯಾನಿನಿಂದ ಆ ಅಪಾಯವಿಲ್ಲ. ಆದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಡಾಪ್ಟರಿನಲ್ಲಿ ಮನೆಯ ಪೂರ್ಣ ವಿದ್ಯುತ್ತು ಇರುವುದರಿಂದ ಅದು ನೀರಿನಿಂದ ದೂರವಿರಬೇಕು.

ಕ್ರಮ ಹೀಗೆ. ಫ್ಯಾನಿನ ಮೈಮೇಲೆ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಅಡಾಪ್ಟರಿನ ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫ್ಯಾನಿನ ಕೆಂಪು ತಂತಿಯನ್ನು ಅಡಾಪ್ಟರಿನ ಧನ ತಂತಿಗೂ ಕಪ್ಪು ತಂತಿಯನ್ನು ಋಣ ತಂತಿಗೂ ಕೂಡಿಸಿ ಪ್ರತಿಯೊಂದು ಜೋಡಣೆಗೂ ಬೇರೆ ಬೇರೆಯಾಗಿ ಟೇಪು ಸುತ್ತಬೇಕು. ಇದನ್ನು ಪ್ಲಗ್ಗು ತೆಗೆದಿಟ್ಟು ಮಾಡಬೇಕು, ಮತ್ತು ಮಕ್ಕಳು ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಮಾಡಬೇಕು. ಮೊಬೈಲಿನ ಚಾರ್ಜರು 5 ವೋಲ್ಟಿನದು. ಅದಕ್ಕೆ ಕೂಡಿಸಿದರೆ 12 ವೋಲ್ಟಿನ ಕೆಲವು ಫ್ಯಾನುಗಳು ನಿಧಾನವಾಗಿ ತಿರುಗುತ್ತವೆ, ಕೆಲವು ತಿರುಗುವುದೇ ಇಲ್ಲ.

ಅಲ್ಯೂಮಿನಿಯಂ ಪಟ್ಟಿಯನ್ನು ಬಗ್ಗಿಸಿ ತೊಟ್ಟಿಯ ಅಂಚಿಗೆ ಕೊಕ್ಕೆಯಂತೆ ಸಿಕ್ಕಿಸಿ, ಅದಕ್ಕೆ ಫ್ಯಾನನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಫ್ಯಾನು ನೀರಿಗಿಂತ ಮೂರು ನಾಲ್ಕು ಇಂಚು ಮೇಲಿರಲಿ. ಗಾಳಿ ನೇರವಾಗಿ ಕೆಳಗೆ ಬೀಳದೆ ಓರೆಯಾಗಿ ನೀರಿನ ಮೇಲೆ ಹಾದುಹೋಗಿ ಆಚೆ ಬದಿಯಿಂದ ಹೊರಬೀಳಲಿ. ನೀರಿನ ಮೇಲೆ ಸಣ್ಣ ಅಲೆ ಕಂಡರೆ ಸರಿಯಾಗಿದೆ ಎಂದು ತಿಳಿಯಬೇಕು. ಆ ಅಲೆಯಿಂದ ಇನ್ನೊಂದು ಉಪಕಾರವೂ ಉಂಟು, ನೀರಿಗೆ ಹೆಚ್ಚು ಆಮ್ಲಜನಕ ಸೇರುತ್ತದೆ. ಮುಚ್ಚಳ ತೆಗೆದರೆ ಮೀನು ಹಾರಿ ಹೊರಗೆ ಬೀಳುವ ಭಯವಿರುವುದರಿಂದ ತೆರೆದ ಭಾಗಕ್ಕೆ ಜಾಲರಿ ಹೊದಿಸಬೇಕು. ತಂತಿ ಪ್ಲಗ್ಗಿಗೆ ಹೋಗುವ ಮುಂಚೆ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬೀಳುವಂತಿರಲಿ. ತಂತಿಯ ಮೇಲೆ ಹರಿದುಬಂದ ನೀರಿನ ಹನಿ ಆ ಜೋಲಿನಲ್ಲಿಯೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನವರೆಗೆ ಹೋಗುವುದಿಲ್ಲ.

ಕೋಣೆಯ ಕಿಟಕಿಯೊಂದು ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಆವಿ ಅಲ್ಲಿಯೇ ತುಂಬಿಕೊಂಡರೆ ಫ್ಯಾನಿನ ಕೆಲಸ ಕುಂದುತ್ತದೆ. ಖರ್ಚಿನ ವಿಷಯ ಹೇಳುವುದಾದರೆ, ಇಂತಹ ಒಂದು ಫ್ಯಾನು ಎರಡು ಮೂರು ವಾಟ್ ಮಾತ್ರ ಬಳಸುತ್ತದೆ. ಹಗಲೂ ರಾತ್ರಿ ನಡೆಸಿದರೂ ತಿಂಗಳಿಗೆ ಸುಮಾರು ಎರಡು ಯೂನಿಟ್.

ನಮ್ಮ ತೊಟ್ಟಿಗೆ ಕಳೆದ ಬೇಸಿಗೆಯಲ್ಲಿ ಇದನ್ನು ಅಳವಡಿಸಿದೆವು. ಮಧ್ಯಾಹ್ನ 33 ಡಿಗ್ರಿ ತೋರಿಸುತ್ತಿದ್ದ ನೀರು ಸಂಜೆಯ ವೇಳೆಗೆ 30ಕ್ಕೆ ಬಂತು. ಮರುದಿನದಿಂದ ಬೆಳಗ್ಗೆಯೇ ಫ್ಯಾನು ಹಾಕಿದ್ದರಿಂದ 29ನ್ನು ದಾಟಲಿಲ್ಲ. ಮಗ ದಿನಕ್ಕೆ ಮೂರು ಸಲ ಉಷ್ಣತೆ ನೋಡಿ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಉಳಿದಿದ್ದ ಮೂರು ಗಪ್ಪಿಗಳು ಬೇಸಿಗೆ ಕಳೆದವು, ಮರಿಗಳನ್ನೂ ಹಾಕಿದವು.

ನೀರು ತುಂಬುವಾಗ ಗಮನಿಸಬೇಕಾದದ್ದು

ಆವಿಯಾಗುವುದು ನೀರು ಮಾತ್ರ, ನೀರಿನಲ್ಲಿರುವ ಲವಣ ತೊಟ್ಟಿಯಲ್ಲಿಯೇ ಉಳಿಯುತ್ತದೆ. ತಾಂಡೂರಿನ ನೆಲವೆಲ್ಲ ಸುಣ್ಣದ ಕಲ್ಲು. ಅಲ್ಲಿಯ ಬೋರಿನ ನೀರು ಕಾಯಿಸಿದ ಪಾತ್ರೆಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. 30 ಲೀಟರಿನ ತೊಟ್ಟಿಗೆ ದಿನಕ್ಕೆ ಒಂದು ಲೀಟರಿನಂತೆ ಅದೇ ನೀರನ್ನು ತುಂಬುತ್ತ ಹೋದರೆ, ಒಂದು ತಿಂಗಳಲ್ಲಿ ತೊಟ್ಟಿಯ ನೀರಿನ ಗಡಸುತನ ಎರಡು ಪಟ್ಟಾಗುತ್ತದೆ. ಇದಕ್ಕೆ ಪರಿಹಾರ ಎರಡು. ದಿನನಿತ್ಯ ಕಡಿಮೆಯಾದಷ್ಟನ್ನು ಹಿಡಿದಿಟ್ಟ ಮಳೆಯ ನೀರಿನಿಂದಲೋ ಕುಡಿಯಲು ಶುದ್ಧಿಮಾಡಿದ ಮೆದು ನೀರಿನಿಂದಲೋ ತುಂಬಬೇಕು. ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರನ್ನು ಹೊರಗೆ ತೆಗೆದು ಹೊಸ ನೀರು ಹಾಕಬೇಕು. ನಳದ ನೀರಾದರೆ ಅದರಲ್ಲಿರುವ ಕ್ಲೋರಿನ್ ಹೋಗುವಂತೆ ಒಂದು ರಾತ್ರಿ ಅಗಲವಾದ ಬಕೆಟ್ಟಿನಲ್ಲಿ ತೆರೆದಿಡಬೇಕು. ಬಿಸಿಲಿಗೆ ಕಾದ ಮಾಳಿಗೆಯ ಟಾಕಿಯ ನೀರನ್ನು ನೇರವಾಗಿ ಹಾಕಬಾರದು. ತೆಗೆದ ನೀರನ್ನು ಚೆಲ್ಲಬೇಕಾಗಿಲ್ಲ, ಅದು ತುಳಸಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರ.

ಕರೆಂಟು ಹೋದರೆ?

ಫ್ಯಾನಿಲ್ಲದೆಯೂ ಮಾಡಬಹುದಾದ ಕೆಲಸಗಳಿವೆ. ತೊಟ್ಟಿಯನ್ನು ಪಶ್ಚಿಮದ ಗೋಡೆಗೆ ತಾಗಿಸಿ ಇಡಬಾರದು. ಕಲ್ಲಿನ ಕಟ್ಟೆಯ ಮೇಲೆ ಇಡುವುದಾದರೆ ಕೆಳಗೆ ಥರ್ಮೋಕೋಲ್ ಹಾಳೆ ಹಾಸಬೇಕು. ಮಧ್ಯಾಹ್ನ ತೊಟ್ಟಿಯ ದೀಪವನ್ನು ಹಚ್ಚಬಾರದು. ಬೀದರಿನಲ್ಲಿ ಬಹಮನಿ ಅರಸರ ಕಾಲದ ಕಾರೇಜುಗಳು ನೀರನ್ನು ನೆಲದಡಿಯಲ್ಲಿ ಬಿಸಿಲು ಕಾಣಿಸದೆ ಹರಿಸಿದವು. ನೀರಿಗೆ ಬಿಸಿಲು ತಾಗದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಕರೆಂಟು ಹೋದಾಗ ತೊಟ್ಟಿಯ ಹೊರಮೈಗೆ ಒದ್ದೆಯಾದ ಹತ್ತಿಬಟ್ಟೆ ಸುತ್ತಿದರೆ ಗಾಜಿನ ತೊಟ್ಟಿಯೂ ಗಡಿಗೆಯಂತೆ ಬೆವರತೊಡಗುತ್ತದೆ. ಬೀಸಣಿಕೆ ಹಿಡಿದು ಸರದಿಯಂತೆ ಗಾಳಿ ಹಾಕುವುದು ಮಕ್ಕಳಿಗೆ ಒಳ್ಳೆಯ ಕೆಲಸ. ಒಂದು ಲೋಟದಿಂದ ತೊಟ್ಟಿಯ ನೀರನ್ನೇ ಮೊಗೆದು ಅರ್ಧ ಅಡಿ ಎತ್ತರದಿಂದ ನಿಧಾನವಾಗಿ ಸುರಿದರೆ ಆಮ್ಲಜನಕ ಸೇರುತ್ತದೆ. ಆ ದಿನ ಮೀನಿಗೆ ಆಹಾರ ಕಡಿಮೆ ಕೊಡಬೇಕು, ಇಲ್ಲವೇ ಕೊಡಲೇಬಾರದು. ತೀರ ಅನಿವಾರ್ಯವಾದರೆ ಮುಚ್ಚಿದ ಸಣ್ಣ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ತೇಲಿಬಿಟ್ಟು, ಉಷ್ಣಮಾಪಕವನ್ನು ನೋಡುತ್ತ, ಒಂದು ಡಿಗ್ರಿ ಇಳಿದೊಡನೆ ಹೊರಗೆ ತೆಗೆಯಬೇಕು.

ಕೊನೆಯ ಮಾತು

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗು ಮೀನು ಬೇಕೆಂದು ಕೇಳಿದಾಗ ಮೀನಿಗಿಂತ ಮೊದಲು ಉಷ್ಣಮಾಪಕವನ್ನು ಕೊಡಿಸಿರಿ. ಬೇಸಿಗೆಯ ಒಂದು ವಾರ ಬರಿಯ ನೀರಿನ ಉಷ್ಣತೆಯನ್ನು ಬರೆದಿಡಲು ಹೇಳಿರಿ. ಆ ವಾರವನ್ನು ಬೇಸರವಿಲ್ಲದೆ ಕಳೆದ ಮಗುವಿಗೆ ಮೀನು ಸಾಕುವ ಯೋಗ್ಯತೆ ಇದೆ ಎಂದು ತಿಳಿಯಬಹುದು. 30 ಲೀಟರಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್ ಇಡಬಾರದಾಗಿತ್ತು, ಅದು ದೊಡ್ಡದಾಗಿ ಬೆಳೆಯುವ ಮೀನು ಎಂಬುದು ನಮಗೆ ತಡವಾಗಿ ತಿಳಿಯಿತು. ಈಗ ನಮ್ಮ ತೊಟ್ಟಿಯಲ್ಲಿ ಗಪ್ಪಿಗಳು ಮಾತ್ರ ಇವೆ.

ವಿದ್ಯಾರ್ಥಿಗಳೇ, ಮಗ ಕೇಳಿದ ಪ್ರಶ್ನೆಗೆ ಈಗ ನಮ್ಮಲ್ಲಿ ಉತ್ತರವಿದೆ. ನಾವು ತಂಪು ಮಾಡಿದ್ದು ತಪ್ಪಲ್ಲ, ಮೀನಿಗೆ ಎಷ್ಟು ಬೇಕು, ಎಷ್ಟು ನಿಧಾನವಾಗಿ ಬೇಕು ಎಂದು ಕೇಳದೆ ಮಾಡಿದ್ದು ತಪ್ಪು. ಇದನ್ನು ಅವನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಮುಂದಿನ ಬ್ಯಾಸಿಗ್ಯಾಗ ಶಿವರಾತ್ರಿಗೇ ಫ್ಯಾನ ಕಟ್ಟೋಣಪ್ಪ” ಎಂದ. ಈ ವರ್ಷ ಹಾಗೆಯೇ ಮಾಡಿದ್ದೇವೆ. ನಿಮ್ಮ ಮನೆಯಲ್ಲಿ ತೊಟ್ಟಿಯಿದ್ದರೆ ನೀವೂ ಬಿಸಿಲು ಏರುವವರೆಗೆ ಕಾಯಬೇಡಿರಿ.